ರೋಂಡಿನೆಯ ಮನೆಗೆ ಸುದ್ದಿ

“ಹೆಸರು ಹೇಳೋ ಮಾರಾಯ,” ಬೇರೆ ಪತ್ರಿಕೆಯ ಗಾಸ್ತೋನ್ ಬೆನ್ನು ಬಿಡಲಿಲ್ಲ. “ಸತ್ತವನಿಗೆ ಇನ್ನೆಂಥ ಗುಟ್ಟು?”

ವರದಿಗಾರ ಒತ್ತಾವಿಯೋ ಟೆಲಿಫೋನಿನ ಸರದಿಗೆ ಕಾಯುತ್ತ ನಿಂತಿದ್ದ. ಕೆಳಗಿನ ತಿರುವಿನಲ್ಲಿ ಎಣ್ಣೆಯ ಮೇಲೆ ಮರಳು ಎರಚುತ್ತಿದ್ದರು. ರೇಸ್ ನಿಂತಿರಲಿಲ್ಲ. ಅದೆಲ್ಲಿ ನಿಲ್ಲುತ್ತದೆ! ಇಷ್ಟು ವರ್ಷ ದೇಶದಿಂದ ದೇಶಕ್ಕೆ ಅದರ ಹಿಂದೆ ಅಲೆದ ಒತ್ತಾವಿಯೋ ಒಮ್ಮೆಯೂ ಅದು ನಿಂತದ್ದನ್ನು ಕಂಡವನಲ್ಲ.

ಬೆಳಿಗ್ಗೆ ಸತ್ತವನ ಹೆಸರು ರೋಂಡಿನೆ. ಹಕ್ಕಿಯ ಹೆಸರು, ಇಟ್ಟುಕೊಂಡ ಹೆಸರು. ಇಟಲಿಯ ಹುಡುಗರು ಮನೆಯವರ ಕಣ್ಣು ತಪ್ಪಿಸಿ ಹೀಗೆ ಸುಳ್ಳು ಹೆಸರಿನಲ್ಲಿ ಕಾರು ಓಡಿಸುವುದುಂಟು. ನಿಜವಾದ ಹೆಸರು ಕ್ಲಬ್ಬಿನ ಕಾರ್ಯದರ್ಶಿಗೆ ಗೊತ್ತಿರುತ್ತದೆ, ನಂಬಿಕೆಯ ಒಬ್ಬಿಬ್ಬರಿಗೆ ಗೊತ್ತಿರುತ್ತದೆ. ಪತ್ರಕರ್ತರು ತಿಳಿದರೂ ಬರೆಯುವುದಿಲ್ಲ. ಹುಡುಗ ಬದುಕಿರುವವರೆಗೆ ಬರೆಯುವುದಿಲ್ಲ, ಅಷ್ಟೆ.

“ನಿನಗೆ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ,” ಅಂದ ಗಾಸ್ತೋನ್. “ಆ ಹುಡುಗನಿಗೆ ಹೆಸರಿಟ್ಟವನೇ ನೀನು.”

“ಹೌದು,” ಅಂದ ಒತ್ತಾವಿಯೋ. “ನಾನೇ ಇಟ್ಟಿದ್ದು.”

ಸರದಿ ಬಂತು. ಟುರಿನ್ನಿನ ಕಚೇರಿಯಲ್ಲಿ ವರದಿ ಬರೆದುಕೊಳ್ಳುವ ಎಲ್ಡಾ ಆ ಕಡೆ ಇದ್ದಳು. ಅವನು ಎಂದಿನಂತೆ ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ ಹೇಳುತ್ತಾ ಹೋದ. ಕಾರು ತಡೆಗೋಡೆ ದಾಟಿತು ಪೂರ್ಣವಿರಾಮ. ಚಾಲಕ ಸ್ಥಳದಲ್ಲೇ ಮೃತಪಟ್ಟ ಪೂರ್ಣವಿರಾಮ. ಇಂಥ ಸಾಲುಗಳನ್ನು ಎಷ್ಟು ಸಲ ಬರೆದಿದ್ದನೋ. ನಾಲಿಗೆ ತಾನಾಗಿಯೇ ಆಡುತ್ತಿತ್ತು.

“ಅಯ್ಯೋ ಪಾಪ! ವಯಸ್ಸೆಷ್ಟು ಸಾರ್?” ಎಲ್ಡಾ ಕೇಳಿದಳು.

“ಬರೋ ತಿಂಗಳಿಗೆ ಇಪ್ಪತ್ತಮೂರು ತುಂಬ್ತಿತ್ತು.”

ಆಮೇಲೆ ಸಂಪಾದಕರು ಲೈನಿಗೆ ಬಂದರು. “ನಿಜವಾದ ಹೆಸರು ಎಲ್ಲಿ?”

“ಇವತ್ತು ಬೇಡ. ಮೊದಲು ಮನೆಗೆ ತಿಳೀಲಿ.”

“ಸರಿ, ಫೋಟೋನಾದ್ರೂ ಹಾಕ್ತೀನಿ. ಹೋದ ತಿಂಗಳು ತೆಗೆದದ್ದು ಇದೆ, ಹೆಲ್ಮೆಟ್ ಇಲ್ಲದೆ ನಗ್ತಾ ನಿಂತಿದ್ದಾನೆ. ಸಂಜೆ ಸಂಚಿಕೆಗೆ ಚೆನ್ನಾಗಿರುತ್ತೆ.”

“ಮುಖ ಹಾಕ್ಬೇಡಿ. ಅವರಮ್ಮ ನಮ್ಮ ಪತ್ರಿಕೆ ತಗೋತಾರೆ.”

“ಎಲ್ಲರೂ ತಗೊಳ್ಳಲಿ ಅಂತಾನೇ ಕಣಯ್ಯ ಅಚ್ಚು ಹಾಕೋದು.” ಲೈನ್ ಕಡಿದುಹೋಯಿತು.

ಈಗ ಹೊರಟರೆ ಗಡಿಯ ಬೆಟ್ಟ ದಾಟಿ, ಪತ್ರಿಕೆ ಅಂಗಡಿಗೆ ಬರುವ ಮುಂಚೆ ಟುರಿನ್ ಮುಟ್ಟಬಹುದು. ಹೇಗಿದ್ದರೂ ಸುದ್ದಿ ತಿಳಿಯಲೇಬೇಕು. ಆದರೆ ಆ ತಾಯಿ ಅದನ್ನು ಬೀದಿಯಲ್ಲಿ, ಪತ್ರಿಕೆಯ ಮೊದಲ ಪುಟದಲ್ಲಿ ನೋಡಬಾರದು. ಆಕೆಯ ಲೆಕ್ಕದಲ್ಲಿ ಮಗ ಟೈರ್ ಕಂಪನಿಯ ಗುಮಾಸ್ತ, ರಜೆ ಬಂದರೆ ಗೆಳೆಯರ ಜೊತೆ ಬೆಟ್ಟ ಹತ್ತುವವನು. ರೇಸಿನ ಮಾತೆತ್ತಿದರೆ ಆಕೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಅಣ್ಣನನ್ನು ರೇಸಿನಲ್ಲೇ ಕಳೆದುಕೊಂಡವಳು.

ಕಾರಿನ ಬಳಿ ಕ್ಲಬ್ಬಿನ ಕಾರ್ಯದರ್ಶಿ ಕಾದಿದ್ದರು. ಹುಡುಗನ ಚೀಲವನ್ನು ತಾವೇ ಸೀಟಿನ ಮೇಲಿಟ್ಟರು. ಆ ಹಿರಿಯರು ಒತ್ತಾವಿಯೋನ ಕೈ ಹಿಡಿದುಕೊಂಡರು.

“ನಾನು ಬಾಯಿ ಬಿಡೋಲ್ಲ. ನೀವು ಹೊರಡಿ.”

ದೂರದಿಂದ ನೋಡುತ್ತಿದ್ದ ಗಾಸ್ತೋನ್ ಪಕ್ಕದವನಿಗೆ ಅಂದ: “ಒಂದು ಹನಿ ಕಣ್ಣೀರಿಲ್ಲ ನೋಡು. ಕಲ್ಲು ಮನುಷ್ಯ ಕಣೋ ಇವನು.”

ರೇಸಿಗೆ ಇಳಿಯುವ ಮುಂಚೆ ರೋಂಡಿನೆ ಯಾವಾಗಲೂ ಗಡಿಯಾರ ಬಿಚ್ಚಿ ಒತ್ತಾವಿಯೋನ ಕೈಗೆ ಕೊಡುತ್ತಿದ್ದ. “ಜೋಪಾನ, ಹಳೇ ಮಾಲು,” ಎಂದು ಇಂದೂ ನಕ್ಕಿದ್ದ. ಜೇಬಿನಲ್ಲಿ ಅದು ಟಿಕ್ ಟಿಕ್ ಅನ್ನುತ್ತಲೇ ಇತ್ತು. ಅದನ್ನು ತಾಳಲಾರದೆ ದಾರಿಯಲ್ಲಿ ಕಾರು ನಿಲ್ಲಿಸಿ ಕೈಗೆ ಕಟ್ಟಿಕೊಂಡ. ಪಟ್ಟಿಯ ಹಳೆಯ ತೂತು ಅವನ ಮಣಿಕಟ್ಟಿಗೆ ಸರಿಯಾಗಿ ಕೂತಿತು.

ಬೆಟ್ಟದ ಹೋಟೆಲಿನಲ್ಲಿ ಕಾಫಿ ಕುಡಿದ. ಸಕ್ಕರೆ ಹಾಕಿದ್ದನೋ ಇಲ್ಲವೋ ತಿಳಿಯಲಿಲ್ಲ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಲು ನೋಡಿದ. ಪೂರ್ಣವಿರಾಮದ ಹೊರತು ಏನೂ ಹೊಳೆಯಲಿಲ್ಲ.

ಗಡಿಯ ಕಾವಲಿನವನು ಗುರುತಿನ ನಗೆ ನಕ್ಕ. “ಏನು ಸಾರ್, ಒಬ್ಬರೇ? ಹುಡುಗ ಎಲ್ಲಿ?”

“ಬರಲಿಲ್ಲ.”

“ಅಲ್ಲೇ ಯಾವಳಾದ್ರೂ ಹಿಡ್ಕೊಂಡಳಾ?” ಎಂದು ನಗುತ್ತಲೇ ಅಡ್ಡಗಂಬ ಎತ್ತಿದ.

ಟುರಿನ್ನಿನ ಆ ಬೀದಿಗೆ ತಿರುಗಿದಾಗ ಮೂಲೆಯಂಗಡಿಯ ಮುಂದೆ ಪತ್ರಿಕೆಯ ವ್ಯಾನು ನಿಂತಿತ್ತು. ಹುಡುಗನ ನಗುಮುಖ ಕಟ್ಟುಕಟ್ಟಾಗಿ ಕೆಳಗಿಳಿಯುತ್ತಿತ್ತು. ಒತ್ತಾವಿಯೋ ಕಾರಿನ ಬಾಗಿಲನ್ನೂ ಹಾಕದೆ ಚೀಲ ಹಿಡಿದು ಮೆಟ್ಟಿಲು ಹತ್ತಿದ. ಮೇಲಿನಿಂದ ಬೆಳ್ಳುಳ್ಳಿ, ಎಣ್ಣೆಯಲ್ಲಿ ಬೇಯುವ ದಪ್ಪ ಮೆಣಸಿನಕಾಯಿಯ ವಾಸನೆ ಬರುತ್ತಿತ್ತು. ಬಾಗಿಲ ಹಿಂದೆ ಯಾರೋ ತಟ್ಟೆ ಜೋಡಿಸುತ್ತಿದ್ದರು. ಸದ್ಯ, ಆಕೆ ಇನ್ನೂ ಕೆಳಗಿಳಿದಿಲ್ಲ.

ಅವನು ಕರೆಗಂಟೆ ಒತ್ತಲಿಲ್ಲ. ಜೇಬಿನಿಂದ ತನ್ನ ಬೀಗದಕೈ ತೆಗೆದು ಬಾಗಿಲು ತೆರೆದ.

“ಬಂದ್ರಾ?” ಅಡುಗೆಮನೆಯಿಂದಲೇ ಹೆಂಡತಿ ಕೂಗಿದಳು. “ಕೈಕಾಲು ತೊಳ್ಕೊಳ್ಳಿ, ನಿಮ್ಮ ಮಗನೂ ಬಂದುಬಿಡಲಿ, ಊಟಕ್ಕೆ ಕೂತ್ಕೊಳ್ಳೋಣ.”