ಅಣ್ಣ ಕಲಿಸಿದ ‘ಗೋ’

ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ನಾಲಿಗೆ ತಾನಾಗಿಯೇ ‘ಗೋ, ವೆಂಟ್, ಗಾನ್’ ಎನ್ನುತ್ತದೆ.

ದೊಡ್ಡಬಳ್ಳಾಪುರದ ಕಡೆಯ ವಿಜಯಪುರದ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪ ರೇಷ್ಮೆನೂಲು ತೆಗೆಯುತ್ತಿದ್ದರು. ಆ ಹಬೆಯ ಪಕ್ಕದಲ್ಲೇ ಅಣ್ಣ ಒಂದು ತಿಂಗಳು ನನಗೆ ಅದೊಂದೇ ಕ್ರಿಯಾಪದ ಕಲಿಸಿದ. ಗೋ ಅಂದರೆ ಹೋಗು. ವೆಂಟ್ ಅಂದರೆ ಹೋದೆ. ನಾಳೆ ಹೋಗುವುದಾದರೆ ವಿಲ್ ಗೋ. ಸ್ಲೇಟಿನ ಮೇಲೆ ‘ಐ ಗೋ ಟು ಸ್ಕೂಲ್’ ಎಂದು ಬರೆಸಿ, “ದೊಡ್ಡಬಳ್ಳಾಪುರದ ಸ್ಕೂಲಿನೋರು ಬಂದು ಕೇಳ್ತಾರೆ. ತಪ್ಪಿಲ್ದೆ ಹೇಳಿದ್ರೆ ಸೇರಿಸ್ಕೊಳ್ತಾರೆ ಕಣೆ,” ಎಂದಿದ್ದ. ನನಗಾಗ ಹನ್ನೆರಡು ವರ್ಷ.

ಅವರು ಬಂದ ಮಧ್ಯಾಹ್ನ ಅಮ್ಮ ನನಗೆ ತನ್ನ ರೇಷ್ಮೆ ಸೀರೆ ಸುತ್ತಿದಳು. ಸ್ಕೂಲಿಗೆ ಸೀರೆ ಏಕೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಚಾಪೆಯ ಮೇಲೆ ಪೇಟ ಸುತ್ತಿದ ಹಿರಿಯರೊಬ್ಬರು, ಅವರ ಹೆಂಡತಿ ಕೂತಿದ್ದರು. ನಾನು ಕೈಕಟ್ಟಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅಣ್ಣ ಹೇಳಿಕೊಡದ ಒಂದು ವಾಕ್ಯವನ್ನೂ ನಾನೇ ಕಟ್ಟಿ ಹೇಳಿದೆ: ‘ಐ ವಿಲ್ ಗೋ ಟು ಬಿಗ್ ಸ್ಕೂಲ್.’ ಹಿರಿಯರು ತೊಡೆ ತಟ್ಟಿಕೊಂಡು ನಕ್ಕರು.

ಅವರ ಹೆಂಡತಿ ನನ್ನನ್ನು ಹತ್ತಿರ ಕರೆದು, ಜಡೆ ಎಳೆದು ನೋಡಿ, ಹೂವು ಮುಡಿಸಿದಳು. “ನಮ್ಮ ಹುಡುಗನ್ಗೂ ಓದೋ ಹುಚ್ಚು. ಇಂಥ ಸೊಸೇನೇ ಬೇಕಾಗಿತ್ತು ನಮ್ಗೆ,” ಎಂದಳು.

ನಾನು ಅಣ್ಣನ ಕಡೆ ತಿರುಗಿದೆ. ಅವನು ಪಂಚೆಯ ಅಂಚಿನಿಂದ ನನ್ನ ಸ್ಲೇಟು ಒರೆಸುತ್ತಿದ್ದ.

“ಸ್ಕೂಲಿನೋರು ಯಾವಾಗ ಬರ್ತಾರೆ ಅಣ್ಣಾ?”

ಅವನು ತಲೆ ಎತ್ತಲಿಲ್ಲ.

“ಚೆನ್ನಾಗ್ ಹೇಳ್ದೆ ಕಣಮ್ಮ,” ಎಂದ.