ಎರಡನೆಯ ಆಮ್ಲೆಟ್

ತಮ್ಮನ ಫೋನು ಟಿಣ್ ಎಂದಾಗ ಚರ್ಚಿನ ಸಭಾಪಾಲಕರ ತಟ್ಟೆಯಲ್ಲಿ ಎರಡು ಆಮ್ಲೆಟ್ ಹಬೆಯಾಡುತ್ತಿದ್ದವು. ಒಂದು ಅವರದು, ಇನ್ನೊಂದು ತಮ್ಮನ ಪಾಲಿನದು. ತಮ್ಮ ಸೇರಿದ್ದ ಹೊಸ ಪಂಥದಲ್ಲಿ ಮೊಟ್ಟೆ ಮಹಾಪಾಪ. ಆ ಪಂಥದ ಗ್ರಂಥವಿದ್ದದ್ದು ಫೋನಿನಲ್ಲಿ; ಗುರುಗಳು ಇನ್ನೂ ಗಟ್ಟಿಮುಟ್ಟಾಗಿದ್ದರು, ಮನಸ್ಸು ಬಂದಾಗಲೆಲ್ಲ ಅದನ್ನು ತಿದ್ದುತ್ತಿದ್ದರು.

"ಅಣ್ಣಾ, ಹೊಸ ವಾಕ್ಯ ಬಂತು! ಇವತ್ತಿಂದ ಮೊಟ್ಟೆ ತಿನ್ನಬಹುದಂತೆ!" ಬನಿಯನ್ನಿನಲ್ಲಿದ್ದ ತಮ್ಮ ಕೈ ಚಾಚಿಯೇ ಬಿಟ್ಟ.

ಸಭಾಪಾಲಕರು ತಟ್ಟೆಯನ್ನು ಎದೆಗೆಳೆದುಕೊಂಡರು. "ನಿನ್ನೆ ಪಾಪ, ಇವತ್ತು ಪ್ರಸಾದ! ಅದೇನು ಗ್ರಂಥವೋ, ಹವಾಮಾನ ವರದಿಯೋ? ನಮ್ಮ ಬೈಬಲ್ ನೋಡು, ಒಂದಕ್ಷರ ಅಲ್ಲಾಡಿಲ್ಲ. ಬರೆದದ್ದು ಬರೆದ ಹಾಗೇ ನಡೀಬೇಕು."

"ಹಾಗಾದ್ರೆ ನಡೀರಿ," ಒಲೆಯ ಮುಂದಿದ್ದ ಹೆಂಡತಿ ಸಟ್ಟುಗ ಎತ್ತಿದರು. "ಎರಡು ಅಂಗಿ ಇದ್ದೋನು ಇಲ್ಲದೋನಿಗೆ ಒಂದು ಕೊಡ್ಬೇಕು ಅಂತ ಅದ್ರಲ್ಲೇ ಇದ್ಯಲ್ರೀ? ಹೋದ ಭಾನುವಾರ ಗಂಟಲು ಹರ್ಕೊಂಡು ಹೇಳಿದ್ದು ನೀವೇ."

ವಾಕ್ಯ ಸಭಾಪಾಲಕರಿಗೆ ಬಾಯಲ್ಲಿಟ್ಟ ಬಿಸಿತುಪ್ಪವಾಯಿತು. ಆಮ್ಲೆಟ್ಟುಗಳನ್ನು ನೋಡಿದರು, ಬನಿಯನ್ನಿನ ತಮ್ಮನನ್ನು ನೋಡಿದರು. ಕೊನೆಗೆ ಎದ್ದು ನಿಂತು, ಆರಾಧನೆಗೆಂದು ಅಂಗಿಯ ಮೇಲೆ ತೊಟ್ಟಿದ್ದ ಬಿಳಿ ನಿಲುವಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಭಕ್ತಿಯಿಂದ ತಮ್ಮನ ಹೆಗಲಿಗೆ ಹೊದಿಸಿದರು.

"ಬರೆದಿರೋದು ಅಂಗಿ ಅಂತ ಕಣೋ, ಆಮ್ಲೆಟ್ ಅಂತ ಅಲ್ಲ," ಎಂದವರೇ ಕೂತು, ಎರಡನ್ನೂ ಒಟ್ಟಿಗೆ ಮಡಿಸಿ ಬಾಯಿಗಿಟ್ಟರು.