ಬಟ್ಟಲಿನ ಬೂದಿ

ಪಿಂಗಾಣಿಗೆ ಚಮಚ ತಾಗಿದ ಸಣ್ಣ ಸದ್ದಿಗೆ ದಿಯೆಪ್‌ಗೆ ನಡುರಾತ್ರಿ ಎಚ್ಚರವಾಯಿತು. ಹೊರಗೆ, ಸೇವಂತಿಗೆ ಸಸಿಗಳು ಬೇಗ ಮೊಗ್ಗಾಗದಿರಲೆಂದು ರಾತ್ರಿ ಹಚ್ಚಿಟ್ಟ ಬಲ್ಬುಗಳ ಬೆಳಕಿನಲ್ಲಿ, ಅತ್ತೆ ಹೊಸ ಏರುಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ತೀರಿಹೋದ ಹಿರಿಯರ ಪೂಜಾಪೀಠದಲ್ಲಿ ಊದುಬತ್ತಿ ನೆಡುವ ಪಿಂಗಾಣಿ ಬಟ್ಟಲು, ಒರೆಸಲು ಮುಟ್ಟಿದರೂ ಅವರು ಸೊಸೆಯನ್ನು ಗದರುತ್ತಿದ್ದ ಅದೇ ಬಟ್ಟಲು, ಅವರ ಮಡಿಲಲ್ಲಿತ್ತು. ಅದರ ಬೂದಿಯನ್ನು ಚಮಚದಿಂದ ಬಗೆದು ಮಣ್ಣಿಗೆ ಬೆರೆಸುತ್ತಿದ್ದರು.

"ಅಮ್ಮಾ, ಏನ್ ಮಾಡ್ತಿದೀರಿ?"

"ಕಣ್ಣು ಕಾಣಲ್ವೇನೇ? ಮಣ್ಣು ಹುಳಿ ಹಿಡಿದಿದೆ. ನೀನು ಗೊರಕೆ ಹೊಡಿ, ಮುದುಕಿ ಬೂದಿ ಹಾಕ್ತಾಳೆ! ಮೂಸಿ ನೋಡು, ಈ ಸಲದ ಉಮಿಬೂದಿ ಹೇಗೆ ಘಮಘಮ ಅಂತಿದೆ."

ಆ ಮಡಿಗೆ ಸಂಜೆಯವರೆಗೂ ಭತ್ತದ ಉಮಿಯ ಬೂದಿ ಹೊತ್ತು ಹಾಕಿದ್ದ ದಿಯೆಪ್‌ಳ ಭುಜ ಇನ್ನೂ ಉರಿಯುತ್ತಿತ್ತು. ಬೆಳಗಾದರೆ ಮಾವನ ತಿಥಿ. ಸೈಗಾನ್ ನಗರದಿಂದ ಭಾವ, ಗಂಡನ ಅಣ್ಣ, ಬರುತ್ತಾನೆ. "ಅಮ್ಮ ಇನ್ನೊಂದು ಸಲ ಮರೆವಲ್ಲಿ ಏನಾದ್ರೂ ಮಾಡಿದ್ರೆ ನನ್ನ ಮನೆಗೇ ಕರ್ಕೊಂಡು ಹೋಗ್ತೀನಿ" ಎಂದಿದ್ದ. ಅವನ ಒಂಬತ್ತನೇ ಮಹಡಿಯ ಮನೆಯಲ್ಲಿ ಅತ್ತೆಗೆ ಹಿಡಿ ಮಣ್ಣೂ ಸಿಗದು.

ಅವಳು ಅತ್ತೆಯ ಕೈ ತೊಳೆಸಿ, ಬೈಗುಳ ಕೇಳಿಸಿಕೊಳ್ಳುತ್ತಲೇ ಮಲಗಿಸಿದಳು. ಚೀಲದ ತಳದಲ್ಲಿ ಉಳಿದಿದ್ದ ಉಮಿಬೂದಿಯನ್ನು ಜರಡಿ ಹಿಡಿದು ಬಟ್ಟಲು ತುಂಬಿದಳು. ಬೂದಿಯ ಜೊತೆ ಮಣ್ಣು ಸೇರಿದ್ದ ಅರ್ಧ ಉರಿದ ಊದುಬತ್ತಿ ಕಡ್ಡಿಗಳನ್ನು ಮಡಿಯಿಂದ ಒಂದೊಂದಾಗಿ ಹೆಕ್ಕಿ, ಮಣ್ಣು ಒರೆಸಿ, ಬಟ್ಟಲಲ್ಲಿ ಮೊದಲಿನಂತೆ ನೆಟ್ಟಳು. ನಂತರ ಅದನ್ನು ಪೀಠದ ಮೇಲಿಟ್ಟು, ಮಾವನ ಪಟದೆದುರು ಕೈ ಮುಗಿದು ನಿಂತಳು. ಭಾವನಿಗಿರಲಿ, ಗಂಡನಿಗೂ ಇದನ್ನು ಹೇಳಬಾರದೆಂದು ನಿರ್ಧರಿಸಿದಳು.